ತಾಳಪೆಟ್ಟಿಗೆಗೂ ಒಂದು ಸ್ವಂತ ದನಿ

ಬೀದರ ಜಿಲ್ಲೆಯ ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರ, ಭಕ್ತರಿಗೆ ಎಷ್ಟು ಪರಿಚಿತವೋ ಸಂಗೀತಗಾರರಿಗೂ ಅಷ್ಟೇ ಪರಿಚಿತವಾದ ಊರು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಇಲ್ಲಿ ನೆಲೆನಿಂತು 1865ರಲ್ಲಿ ಇಲ್ಲಿಯೇ ಸಮಾಧಿಸ್ಥರಾದರು. ಎಲ್ಲ ಮತಗಳನ್ನೂ ಸಮನಾಗಿ ಕಾಣುವ ‘ಸಕಲಮತ’ ತತ್ವವನ್ನು ಸಾರಿದ ಅವರು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ಕಟ್ಟಿದರು. ಭಜನೆ ಈ ಸಂಪ್ರದಾಯದಲ್ಲಿ ಪೂಜೆಯ ಒಂದು ಅಂಗವೇ ಆಗಿದೆ. ಮಾರ್ಗಶಿರದಲ್ಲಿ ಬರುವ ದತ್ತ ಜಯಂತಿಯ ಉತ್ಸವದಲ್ಲಿ ಹಾಡುಗಾರಿಕೆಗೆ ವಿಶೇಷ ಸ್ಥಾನ.

ಇಂಥ ಕಡೆ ತಬಲಾ ಎಂದರೆ ಹಾಡಿನ ಹಿಂದೆ ನಡೆಯುವ ಬರಿಯ ಲೆಕ್ಕವಲ್ಲ. ಹಾಡುಗಾರ ಒಂದು ಸಾಲನ್ನು ಎಳೆದು ನಿಲ್ಲಿಸಿದಾಗ ತಬಲಾದವನೂ ಕೈ ಹಿಡಿಯುತ್ತಾನೆ. ಗುಂಪು ದನಿ ಎತ್ತಿದಾಗ ಅವನೂ ಡಗ್ಗಾದ ಗುಮುಕು ಏರಿಸುತ್ತಾನೆ. ಎದುರಿಗಿರುವವರ ಮುಖ ನೋಡಿ ನುಡಿಸುವ ವಾದ್ಯ ಅದು. ಆದರೆ ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ತಬಲಾದವರು ದಿನಾ ಎಲ್ಲಿ ಸಿಗಬೇಕು? ಆ ಕೊರತೆ ತುಂಬಲು ಬಂದದ್ದು ತಾಳಪೆಟ್ಟಿಗೆ. ಆರ್ಕೆಸ್ಟ್ರಾದವರ ಬಾಯಲ್ಲಿ ಅದು ‘ರಿದಂ ಬಾಕ್ಸ್’. ಇವುಗಳಲ್ಲಿ ಹಳೆಯ ಕಾಲದ, ಅಗ್ಗದ, ಅನಲಾಗ್ ಜಾತಿಯವು ಹೊರಡಿಸುವ ಶಬ್ದ ಕೇಳಿದವರು ಮೊದಲು ನಗುತ್ತಾರೆ. ಡೋಲಿನ ಪೆಟ್ಟು ಎಂದು ಬರೆದ ಗುಂಡಿ ಒತ್ತಿದರೆ ನೀರಿನ ಹನಿ ಬಿದ್ದಂತಾಗುತ್ತದೆ. ಜಾಗಟೆ ಎಂದುಕೊಂಡರೆ ಸಾಸಿವೆ ಸಿಡಿದಂತೆ ಕೇಳುತ್ತದೆ.

ಆ ನಗು ನ್ಯಾಯವಾದದ್ದೇ. ಆದರೆ ಇದೇ ಪೆಟ್ಟಿಗೆ ಜಗತ್ತಿನ ಸಂಗೀತದ ದಿಕ್ಕನ್ನೇ ಒಂದಿಷ್ಟು ಬದಲಿಸಿತು ಎಂಬುದೂ ಅಷ್ಟೇ ನಿಜ. ನಕಲು ಮಾಡಲು ಹೋಗಿ ಸೋತ ಯಂತ್ರ, ತನ್ನ ದನಿಯಲ್ಲಿ ಮಾತಾಡತೊಡಗಿದಾಗ ಗೆದ್ದಿತು. ಅದು ಹೇಗೆ ಎಂಬುದನ್ನು ತಿಳಿದರೆ, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಪೆಟ್ಟಿಗೆಯಿಂದಲೂ ಹೊಸ ನಾದ ತೆಗೆಯಬಹುದು. ತಬಲಾದವರ ಜಾಗವನ್ನು ಅದಕ್ಕೆ ಕೊಡಬೇಕೇ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ನಕಲಿನಿಂದ ಶುರುವಾದ ಕತೆ

1959ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ ‘ಸೈಡ್‌ಮ್ಯಾನ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಕಪಾಟಿನಂಥ ಅದರ ಒಡಲಿನಲ್ಲಿ ಮೋಟಾರಿನಿಂದ ತಿರುಗುವ ಒಂದು ತಟ್ಟೆ. ತಟ್ಟೆಯ ಮೇಲಿನ ಸಂಪರ್ಕಗಳು ಒಂದೊಂದಾಗಿ ತಗಲಿದಂತೆ ವ್ಯಾಕ್ಯೂಮ್ ವಾಲ್ವುಗಳಿಂದ ಒಂದೊಂದು ಪೆಟ್ಟು. ಹೆಸರೇ ಹೇಳುವಂತೆ ಇದು ಪಕ್ಕವಾದ್ಯದವನ ಬದಲಿ. ಅಲ್ಲಿನ ಸಂಗೀತಗಾರರ ಸಂಘ ಇದನ್ನು ಆಕ್ಷೇಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಯಂತ್ರ ಹುಟ್ಟಿದ ದಿನದಿಂದಲೇ ‘ನಮ್ಮ ಅನ್ನಕ್ಕೆ ಕಲ್ಲು ಹಾಕಬಹುದೇ’ ಎಂಬ ಭಯವೂ ಅದರ ಜೊತೆಗೇ ಹುಟ್ಟಿತು.

ಜಪಾನಿನ ಇಕುತಾರೊ ಕಾಕೆಹಾಶಿ ಈ ಯಂತ್ರವನ್ನು ಟ್ರಾನ್ಸಿಸ್ಟರಿಗೆ ಇಳಿಸಿ ಚಿಕ್ಕದಾಗಿಸಿದವರಲ್ಲಿ ಪ್ರಮುಖರು. ಅವರ ಏಸ್ ಟೋನ್ ಕಂಪನಿಯ ‘ರಿದಂ ಏಸ್ ಎಫ್ಆರ್-1’ ಬಂದದ್ದು 1967ರಲ್ಲಿ. ಅದರಲ್ಲಿ ವಾಲ್ಟ್ಜ್, ರುಂಬಾ, ಬೊಸ್ಸಾನೋವಾ ಮುಂತಾಗಿ 16 ಸಿದ್ಧ ತಾಳಗಳಿದ್ದವು. ಮನೆಯಲ್ಲಿ ಆರ್ಗನ್ ನುಡಿಸುವವರು ಒಂದು ಗುಂಡಿ ಒತ್ತಿದರೆ ಸಾಕು, ಡ್ರಮ್ಮು ತಾನಾಗಿ ನಡೆಯುತ್ತಿತ್ತು. ಕಾಕೆಹಾಶಿ 1972ರಲ್ಲಿ ರೋಲ್ಯಾಂಡ್ ಕಂಪನಿ ಕಟ್ಟಿದರು. ಹತ್ತು ವರ್ಷದೊಳಗೆ ಇಂಥ ಪೆಟ್ಟಿಗೆಗಳು ಅಂಗೈಯಗಲಕ್ಕೆ ಇಳಿದವು. ರೋಲ್ಯಾಂಡಿನದೇ ಅಗ್ಗದ ಶಾಖೆಯಾದ ಬಾಸ್, 1980ರ ಆಸುಪಾಸಿನಲ್ಲಿ ‘ಡಾಕ್ಟರ್ ರಿದಂ ಡಿಆರ್-55’ ಎಂಬ ಪುಟ್ಟ ಯಂತ್ರವನ್ನು ತಂದಿತು. ಬ್ಯಾಟರಿ ಸೆಲ್ಲಿನಿಂದ ನಡೆಯುವ ಅದರಲ್ಲಿ ಇದ್ದದ್ದು ನಾಲ್ಕೇ ದನಿ. ಆದರೆ ಬಳಸುವವರೇ ತಮ್ಮ ತಾಳವನ್ನು 16 ಅಥವಾ 12 ಮನೆಗಳಲ್ಲಿ ಬರೆದಿಡಬಹುದಾಗಿತ್ತು.

ಇದೇ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೂ ಒಂದು ಸಮಾನಾಂತರ ಕತೆ ನಡೆದಿತ್ತು. ಎಚ್ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ 1979ರಲ್ಲಿ ಮದರಾಸಿನ ಡಿಸೆಂಬರ್ ಸಂಗೀತೋತ್ಸವದ ವೇಳೆಗೆ ಪ್ರದರ್ಶಿಸಿದರು. ಅವರು ಕಟ್ಟಿದ ರೇಡೆಲ್ ಸಂಸ್ಥೆ ಮುಂದೆ ‘ತಾಲ್‌ಮಾಲಾ’ ಎಂಬ ಎಲೆಕ್ಟ್ರಾನಿಕ್ ತಬಲಾವನ್ನೂ ತಂದಿತು. ಜಪಾನಿನ ಪೆಟ್ಟಿಗೆಯಲ್ಲಿ ರುಂಬಾ, ಸಾಂಬಾ ಎಂದಿದ್ದ ಕಡೆ ಇಲ್ಲಿ ತೀನ್‌ತಾಲ, ಝಪ್‌ತಾಲ, ದಾದ್ರಾ. ಅಭ್ಯಾಸಿಗಳ ಮನೆಮನೆಗೆ ಇವು ಸೇರಿದವು. ಈಗಿನ ಎಲೆಕ್ಟ್ರಾನಿಕ್ ತಬಲಾಗಳು ನಿಜವಾದ ತಬಲಾದ ಧ್ವನಿಮುದ್ರಣವನ್ನೇ ಚಿಪ್ಪಿನಲ್ಲಿ ಇಟ್ಟುಕೊಂಡಿರುತ್ತವೆ. ಆದ್ದರಿಂದ ನಕಲು ಎಂಬುದು ಸುಲಭಕ್ಕೆ ತಿಳಿಯುವುದಿಲ್ಲ. ಹಳೆಯ ಅನಲಾಗ್ ಪೆಟ್ಟಿಗೆಯ ಸಂಗತಿಯೇ ಬೇರೆ. ಅದರೊಳಗೆ ಯಾವ ಡ್ರಮ್ಮಿನ ಧ್ವನಿಮುದ್ರಣವೂ ಇಲ್ಲ.

ಒಳಗೆ ಏನಿದೆ?

ಖಾಲಿ ಕೊಡಕ್ಕೆ ಬೆರಳಿನಿಂದ ಒಮ್ಮೆ ತಟ್ಟಿ ನೋಡಿ. ‘ಧುಂ’ ಎಂದು ಒಂದು ನಾದ ಎದ್ದು, ಕ್ರಮೇಣ ಆರಿಹೋಗುತ್ತದೆ. ಅನಲಾಗ್ ತಾಳಪೆಟ್ಟಿಗೆಯೂ ಮಾಡುವುದು ಇಷ್ಟನ್ನೇ. ರೆಸಿಸ್ಟರು, ಕೆಪಾಸಿಟರು, ಟ್ರಾನ್ಸಿಸ್ಟರುಗಳನ್ನು ಒಂದು ಹದದಲ್ಲಿ ಜೋಡಿಸಿದರೆ ಆ ಜೋಡಣೆಗೆ ತನ್ನದೇ ಒಂದು ಶ್ರುತಿ ಇರುತ್ತದೆ. ಅದಕ್ಕೆ ವಿದ್ಯುತ್ತಿನ ಒಂದು ಸಣ್ಣ ಪೆಟ್ಟು ಕೊಟ್ಟರೆ, ಕೊಡದಂತೆಯೇ ಒಮ್ಮೆ ಮೊಳಗಿ ಅಡಗುತ್ತದೆ. ಶ್ರುತಿ ತಗ್ಗಿಸಿದರೆ ದೊಡ್ಡ ಡ್ರಮ್ಮು, ಏರಿಸಿದರೆ ಕಾಂಗೋ, ಇನ್ನೂ ಏರಿಸಿ ಬೇಗ ಅಡಗಿಸಿದರೆ ಮರದ ಚಿಟಿಕೆ. ಜಲ್ಲರಿಯ ‘ಛಿಸ್’ ಶಬ್ದಕ್ಕೆ ಬೇರೆ ಉಪಾಯ: ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುವ ಗೊರಗೊರವನ್ನು ಒಂದು ಟ್ರಾನ್ಸಿಸ್ಟರಿನಿಂದ ಬೇಕೆಂದೇ ಹುಟ್ಟಿಸಿ, ಅದನ್ನು ಚೂರುಚೂರಾಗಿ ಕತ್ತರಿಸಿ ಕೊಡುವುದು.

ಇದು ತಬಲಾವನ್ನು ಏಕೆ ಹೋಲಲಾರದು? ಸಿ.ವಿ. ರಾಮನ್ನರ ಕಡೆಗೆ ತಿರುಗಬೇಕು. ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆಯುವ ಮುಂಚೆಯೇ, 1920ರಲ್ಲಿ, ಅವರು ಶಿವಕಾಳಿ ಕುಮಾರ್ ಅವರೊಡನೆ ಸೇರಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ಇನ್ನಷ್ಟು ವಿಸ್ತರಿಸಿದರು. ಸಾಮಾನ್ಯವಾದ ಚರ್ಮದ ಹೊದಿಕೆ ಹುಟ್ಟಿಸುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅದರ ಶಬ್ದದಲ್ಲಿ ಸ್ಪಷ್ಟವಾದ ಸ್ವರ ಕೇಳಿಸುವುದಿಲ್ಲ. ಮೃದಂಗ, ತಬಲಾಗಳ ಮಧ್ಯದ ಕಪ್ಪು ಕರಣೆಯ ಭಾರ ಆ ಉಪಸ್ವರಗಳನ್ನು ತಂತಿವಾದ್ಯದಲ್ಲಿ ಇರುವಂತೆ ಸಾಲಾಗಿ ಹೊಂದಿಸಿಬಿಡುತ್ತದೆ ಎಂದು ರಾಮನ್ ತೋರಿಸಿಕೊಟ್ಟರು. ತಬಲಾ ‘ಹಾಡುವುದು’ ಹೀಗೆ. ಅಗ್ಗದ ಪೆಟ್ಟಿಗೆಯ ಒಂದು ದನಿಯಲ್ಲಿ ಹೆಚ್ಚುಕಡಿಮೆ ಒಂದೇ ಕಂಪನವಿರುತ್ತದೆ. ಕರಣೆಯ ಆ ಬಳಗ ಅಲ್ಲಿಲ್ಲ.

ಆದರೆ ಚರ್ಮಕ್ಕೂ ಟ್ರಾನ್ಸಿಸ್ಟರಿಗೂ ಒಂದು ನಂಟಿದೆ. ನಮ್ಮ ಕಡೆ ಹಲಗೆ ಬಡಿಯುವವರು ನುಡಿಸುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿಗೊಳಿಸುತ್ತಾರೆ. ಚರ್ಮದ ಶ್ರುತಿ ಬಿಸಿಲು-ತೇವಗಳನ್ನು ಬಲ್ಲದು. ಅನಲಾಗ್ ಪೆಟ್ಟಿಗೆಯೂ ಅಷ್ಟೇ. ಬೇಸಿಗೆಯ ಮಧ್ಯಾಹ್ನಕ್ಕೂ ಮಾಗಿಯ ಬೆಳಗಿಗೂ ಅದರ ಓಟದಲ್ಲಿ, ದನಿಯಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಒಂದೇ ಕಂಪನಿಯ ಎರಡು ಪೆಟ್ಟಿಗೆಗಳು ಕೂಡ ಪೂರ್ತಿ ಒಂದೇ ತರಹ ನುಡಿಯುವುದಿಲ್ಲ. ಕಂಪ್ಯೂಟರಿನ ಕಾಲದಲ್ಲಿ ಜನ ಈ ಹಳೆಯ ಪೆಟ್ಟಿಗೆಗಳನ್ನು ಮತ್ತೆ ಹುಡುಕಿಕೊಂಡು ಹೋದದ್ದಕ್ಕೆ ಈ ಅಸ್ಥಿರತೆಯೂ ಒಂದು ಕಾರಣ.

ಸೋತ ಯಂತ್ರ ಗೆದ್ದದ್ದು

1980ರಲ್ಲಿ ಎರಡು ಯಂತ್ರಗಳು ಬಂದವು. ಅಮೆರಿಕದ ರೋಜರ್ ಲಿನ್ ಅವರ ‘ಎಲ್ಎಂ-1’ ನಿಜವಾದ ಡ್ರಮ್ಮಿನ ಧ್ವನಿಮುದ್ರಣಗಳನ್ನು ಚಿಪ್ಪಿನಲ್ಲಿಟ್ಟ ಮೊದಲ ತಾಳಯಂತ್ರ. ಬೆಲೆ ಸುಮಾರು 5,000 ಡಾಲರ್. ರೋಲ್ಯಾಂಡಿನ ‘ಟಿಆರ್-808’ ಹಳೆಯ ಅನಲಾಗ್ ದಾರಿಯಲ್ಲೇ ನಡೆದು 1,200 ಡಾಲರಿಗೆ ಸಿಗುತ್ತಿತ್ತು. ಡ್ರಮ್ಮಿನಂತೆ ಕೇಳುವುದಿಲ್ಲ ಎಂದು 808ನ್ನು ಹಲವರು ಬದಿಗೆ ಸರಿಸಿದರು. ಸುಮಾರು 12,000 ಯಂತ್ರಗಳಾದ ಮೇಲೆ, 1983ರಲ್ಲಿ, ಅದರ ತಯಾರಿಕೆ ನಿಂತಿತು. ಅದರ ವಿಶಿಷ್ಟ ಸಿಡಿತಕ್ಕೆ, ಬೇರೆಯವರು ದೋಷಪೂರಿತವೆಂದು ತಿರಸ್ಕರಿಸಿದ ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ಆರಿಸಿ ಬಳಸಿದ್ದಾಗಿ ಕಾಕೆಹಾಶಿ ಮುಂದೆ ಹೇಳಿಕೊಂಡರು.

ತಯಾರಿಕೆ ನಿಂತ ಮೇಲೆ ಸೆಕೆಂಡ್‌ಹ್ಯಾಂಡ್ ಬೆಲೆ ಬಿತ್ತು. ನ್ಯೂಯಾರ್ಕ್, ಡೆಟ್ರಾಯಿಟ್, ಷಿಕಾಗೋಗಳ ಕೈಲಾಗದ ಹುಡುಗರು ಗಿರವಿ ಅಂಗಡಿಗಳಿಂದ ಅಗ್ಗಕ್ಕೆ ಕೊಂಡರು. ಅವರಿಗೆ ಅಸಲಿ ಡ್ರಮ್ಮಿನ ಹಂಬಲವಿರಲಿಲ್ಲ. ದೊಡ್ಡ ಡ್ರಮ್ಮಿನ ದನಿ ಅಡಗುವ ಕಾಲವನ್ನು ಉದ್ದಕ್ಕೆ ಎಳೆದಾಗ ಅದು ನೆಲ ನಡುಗಿಸುವ ಮಂದ್ರ ಸ್ವರವಾಗುವುದನ್ನು ಕಂಡುಕೊಂಡರು. ಹಿಪ್‌ಹಾಪ್, ಟೆಕ್ನೋ ಸಂಗೀತಗಳ ಬೆನ್ನೆಲುಬು ಆದದ್ದು ಇಂಥ ಯಂತ್ರಗಳ ಶಬ್ದ. ನಕಲಿ ಎಂದು ಬೈಸಿಕೊಂಡ ದನಿಯನ್ನು ಇಂದು ಕಂಪ್ಯೂಟರುಗಳು ನಕಲು ಮಾಡುತ್ತಿವೆ!

ನಮ್ಮ ದೇಶದಲ್ಲೂ ಒಂದು ಉದಾಹರಣೆಯಿದೆ. ಮುಂಬಯಿ ಚಿತ್ರರಂಗದ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ 808 ಯಂತ್ರವನ್ನೂ ಸಿಂಥಸೈಜರುಗಳನ್ನೂ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ಒಂದು ಎಲ್‌ಪಿ ತಂದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಮರುಬಿಡುಗಡೆಯಾದಾಗ, ಷಿಕಾಗೋದವರಿಗಿಂತ ಮುಂಚೆಯೇ ಅವರ ಬಗೆಯ ಸಂಗೀತವನ್ನು ಈತ ಮಾಡಿದ್ದನಲ್ಲ ಎಂದು ಪಶ್ಚಿಮದವರು ಬೆರಗಾದರು. 2015ರಲ್ಲಿ ತೀರಿಕೊಳ್ಳುವ ಮುನ್ನ ಸಿಂಗ್ ಆ ರಾಗಗಳನ್ನು ವಿದೇಶದ ವೇದಿಕೆಗಳಲ್ಲಿ ಮತ್ತೆ ನುಡಿಸಿದರು.

ಪೆಟ್ಟಿಗೆಯನ್ನು ಪಳಗಿಸುವ ಬಗೆ

ಹಾಗಾದರೆ ಮನೆಯಲ್ಲಿರುವ ಅಗ್ಗದ ಪೆಟ್ಟಿಗೆಯಿಂದ ಏನು ಮಾಡಬಹುದು? ಮೊದಲು ಅದರ ಸೆಲ್ಲಿನ ಗೂಡು ತೆರೆದು ನೋಡಿ. ಒಸರಿದ ಹಳೆಯ ಸೆಲ್ಲುಗಳೇ ಇಂಥ ಯಂತ್ರಗಳ ಮೊದಲ ಶತ್ರು. ಅಡಾಪ್ಟರ್ ಹಾಕುವುದಾದರೆ ಅದರ ವೋಲ್ಟೇಜು, ಧನ-ಋಣ ತುದಿಗಳು ಯಂತ್ರಕ್ಕೆ ಹೊಂದುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಒಳಗಿನ ತಿರುಪುಗಳನ್ನು ತಿರುಗಿಸಿ ಶ್ರುತಿ ಬದಲಿಸುವ ಸಾಹಸ ಸೆಲ್ಲಿನಿಂದ ನಡೆಯುವ ಯಂತ್ರದಲ್ಲಿ ಮಾತ್ರ ಇರಲಿ. ಮನೆಯ ಕರೆಂಟಿಗೆ ನೇರ ಸೇರುವ ಪೆಟ್ಟಿಗೆಯನ್ನು ಬಲ್ಲ ರಿಪೇರಿಯವರೇ ತೆರೆಯಬೇಕು.

ಸಿದ್ಧ ತಾಳಗಳ ಪೆಟ್ಟಿಗೆಯಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ನೋಡಿ. ಹಲವು ಹಳೆಯ ಯಂತ್ರಗಳಲ್ಲಿ ಎರಡು ತಾಳಗಳೂ ಕೂಡಿಕೊಂಡು ಮೂರನೆಯದೊಂದು ಹುಟ್ಟುತ್ತದೆ. ರಿದಂ ಏಸ್‌ನಲ್ಲಿ ಇದಕ್ಕೆ ಅವಕಾಶವಿತ್ತು. ಬೇಡವಾದ ನಾಲ್ಕು ದನಿಗಳನ್ನು ಒಂದೊಂದಾಗಿ ಅಡಗಿಸುವ ಗುಂಡಿಗಳೂ ಇದ್ದವು. ಜಲ್ಲರಿಯನ್ನೂ ಚಿಟಿಕೆಯನ್ನೂ ಕಳೆದು ನೋಡಿದರೆ ರುಂಬಾದ ಒಳಗಿಂದ ಕೆಹರ್ವಾಕ್ಕೆ ಹತ್ತಿರವಾದ ಎಂಟರ ನಡೆ ಕಾಣಿಸಿಕೊಳ್ಳಬಹುದು.

ತಾಳ ಬರೆಯಬಲ್ಲ ಯಂತ್ರವಾದರೆ ಇನ್ನೂ ಒಳ್ಳೆಯದು. ಅದರ 16 ಮನೆಗಳು ತೀನ್‌ತಾಲದ 16 ಮಾತ್ರೆಗಳಿಗೆ ಸರಿಯಾಗಿ ಕೂಡುತ್ತವೆ. ತೀನ್‌ತಾಲದಲ್ಲಿ ‘ಧಾ’, ‘ಧಿಂ’ ಎಂಬಲ್ಲಿ ಡಗ್ಗಾ ಮೊಳಗುತ್ತದೆ. ‘ತಿಂ’, ‘ತಾ’ ಎಂಬಲ್ಲಿ ಬಲಗೈಯ ತಬಲಾ ಮಾತ್ರ. ಠೇಕಾದ 10ರಿಂದ 13ನೆಯ ಮಾತ್ರೆಯವರೆಗೆ ಡಗ್ಗಾ ಮೌನ. ಖಾಲಿಯ ಸುಳಿವು ಕೇಳುಗನಿಗೆ ಸಿಗುವುದು ಈ ಮೌನದಿಂದಲೇ. ಯಂತ್ರದಲ್ಲಿ ಎಲ್ಲ 16 ಮನೆಗಳಿಗೂ ಚಿಟಿಕೆಯ ದನಿ ಹಾಕಿ. ದೊಡ್ಡ ಡ್ರಮ್ಮನ್ನು 10, 11, 12, 13 ಬಿಟ್ಟು ಉಳಿದೆಲ್ಲ ಮನೆಗಳಿಗೂ ಹಾಕಿ. ಒತ್ತು ಕೊಡುವ ಸೌಲಭ್ಯವಿದ್ದರೆ ಮೊದಲನೆಯ ಮನೆಗೆ, ಅಂದರೆ ಸಮ್‌ಗೆ, ಒತ್ತು ಕೊಡಿ. ದನಿ ತಬಲಾದ್ದಲ್ಲ, ಆದರೂ ಖಾಲಿ ಬಂದದ್ದು, ಡಗ್ಗಾ ಮರಳಿದ್ದು, ಸಮ್‌ಗೆ ಕೂತದ್ದು ಎಲ್ಲವೂ ತಿಳಿಯುತ್ತದೆ. ತಾಳದ ಜೀವ ದನಿಯಲ್ಲಷ್ಟೇ ಅಲ್ಲ, ಎಲ್ಲಿ ಸುಮ್ಮನಿರಬೇಕು ಎಂಬುದರಲ್ಲೂ ಇದೆ ಎಂದು ಈ ನಾಲ್ಕು ದನಿಯ ಪೆಟ್ಟಿಗೆ ಕಲಿಸುತ್ತದೆ. 12 ಮನೆಗಳಲ್ಲಿ ಏಕತಾಲವನ್ನೋ ಎರಡು ಆವರ್ತನ ದಾದ್ರಾವನ್ನೋ ಕೂರಿಸಬಹುದು. ರೂಪಕದ 7, ಝಪ್‌ತಾಲದ 10 ಕೂರದಿದ್ದರೆ ಯಂತ್ರಕ್ಕೆ ಸಮಗತಿಯ ಮಿಡಿತವನ್ನಷ್ಟೇ ಒಪ್ಪಿಸಿ, ಆವರ್ತನದ ಲೆಕ್ಕವನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು.

ಮುಂದಿನದು ದನಿಯ ಕೆಲಸ. ಪೆಟ್ಟಿಗೆಯ ತಂತಿಯನ್ನು ಒಂದು ಹಳೆಯ ಆಂಪ್ಲಿಫೈಯರಿಗೆ ಕೊಟ್ಟು ಸ್ವಲ್ಪ ಅತಿ ಮಾಡಿ. ತೆಳ್ಳಗಿನ ಪೆಟ್ಟು ಒರಟಾಗಿ, ದಪ್ಪವಾಗಿ ಬರುತ್ತದೆ. ಕ್ಯಾಸೆಟ್ಟಿಗೆ ಮಟ್ಟ ಏರಿಸಿ ಮುದ್ರಿಸಿದರೂ ಇದೇ ಗುಣ. ಮುದ್ರಿಸಿದ್ದನ್ನು ಅರ್ಧ ವೇಗದಲ್ಲಿ ನುಡಿಸಿದರೆ ಶ್ರುತಿ ಒಂದು ಸಪ್ತಕ ಇಳಿದು, ಚಿಟಿಕೆಯು ಗಂಟೆಯಂತಾಗುತ್ತದೆ. ಹಿಂದೆ ಸ್ಪೂಲ್ ರೆಕಾರ್ಡರಿನಲ್ಲಿ ಮಾಡುತ್ತಿದ್ದ ಈ ಕೆಲಸವನ್ನು ಈಗ ಮೊಬೈಲ್ ಫೋನೂ ಮಾಡುತ್ತದೆ. ಸ್ಪೀಕರನ್ನು ತಾಮ್ರದ ಹಂಡೆಯೊಳಗೋ ಕಲ್ಲುಕಟ್ಟಡದ ಖಾಲಿ ಕೋಣೆಯಲ್ಲೋ ಇಟ್ಟು ನುಡಿಸಿ, ಅಲ್ಲಿನ ಮಾರ್ದನಿಯನ್ನು ಮತ್ತೆ ಮುದ್ರಿಸಿಕೊಳ್ಳಬಹುದು. ಇನ್ನೂ ಸೊಗಸಾದದ್ದೆಂದರೆ, ಸ್ಪೀಕರಿನ ಬಾಯಿಯನ್ನು ಹಲಗೆಯ ಅಥವಾ ದಮ್ಮಡಿಯ ಚರ್ಮಕ್ಕೆ ಹತ್ತಿರ ಹಿಡಿಯುವುದು. ಯಂತ್ರದ ಪೆಟ್ಟಿಗೆ ಚರ್ಮ ತಾನೂ ನಡುಗಿ, ಕಳೆದುಹೋದ ಉಪಸ್ವರಗಳನ್ನು ತನ್ನ ಕಡೆಯಿಂದ ಸೇರಿಸಿಕೊಡುತ್ತದೆ. ದೊಡ್ಡ ಸ್ಟುಡಿಯೋಗಳಲ್ಲೂ ಇಂಥ ಉಪಾಯಗಳು ಬಳಕೆಯಲ್ಲಿವೆ.

ಯಾರ ಜಾಗ ಯಾರಿಗೆ

ಕೊನೆಯ ಉಪಾಯವೇ ಎಲ್ಲಕ್ಕಿಂತ ಮುಖ್ಯವಾದದ್ದು: ಪೆಟ್ಟಿಗೆಯ ಜೊತೆಗೆ ಮನುಷ್ಯನನ್ನು ಕೂರಿಸುವುದು. ಅಮೆರಿಕದ ಸ್ಲೈ ಸ್ಟೋನ್ 1971ರ ತಮ್ಮ ಧ್ವನಿಮುದ್ರಿಕೆಯಲ್ಲಿ ಆರ್ಗನ್ನಿನವರ ಅಗ್ಗದ ತಾಳಪೆಟ್ಟಿಗೆಯನ್ನು ಬಳಸಿದರು. ಅದರ ಮೇಲೆ ನಿಜವಾದ ಡ್ರಮ್ಮನ್ನೂ ಸೇರಿಸಿದರು. ಪೆಟ್ಟಿಗೆ ಬಿಗಿಯಾಗಿ ಎಣಿಸುತ್ತದೆ. ಮನುಷ್ಯ ಅದರ ಸುತ್ತ ಹಿಂದುಮುಂದಾಗಿ ಆಡುತ್ತಾನೆ. ಎಣಿಕೆಯ ಹೊರೆ ಇಳಿದ ಕೈಗೆ ಆಟಕ್ಕೆ ಬಿಡುವು ಸಿಗುತ್ತದೆ.

ನಮ್ಮಲ್ಲಿ ಆದದ್ದು ಬಹುಮಟ್ಟಿಗೆ ಇದರ ತಿರುಗುಮುರುಗು. ಮದುವೆ ಮನೆ, ಗಣಪತಿ ಪೆಂಡಾಲುಗಳ ಖರ್ಚು ತಗ್ಗಿಸಲು ಢೋಲಕ್ಕಿನವರನ್ನೂ ತಬಲಾದವರನ್ನೂ ಬಿಟ್ಟು ಅವರ ದನಿಯ ನಕಲನ್ನು ಕೀಬೋರ್ಡಿನಿಂದ ತೆಗೆಯುವ ರೂಢಿ ಬೆಳೆಯಿತು. ನಕಲು ಎಷ್ಟು ಚೆನ್ನಾಗಿದ್ದರೆ ಅಷ್ಟು ಜನರ ಕೈ ಖಾಲಿ. ಈ ದೃಷ್ಟಿಯಿಂದ ನೋಡಿದರೆ ಹಳೆಯ ಅನಲಾಗ್ ಪೆಟ್ಟಿಗೆ ಬಹಳ ಪ್ರಾಮಾಣಿಕವಾದ ಯಂತ್ರ. ತಾನು ತಬಲಾ ಎಂದು ಅದು ಯಾರನ್ನೂ ನಂಬಿಸಲಾರದು. ಹಾಗಾಗಿ ಅದನ್ನು ಬಳಸುವವರು ಒಂದೋ ಅಭ್ಯಾಸದ ಜೊತೆಗಾರನನ್ನಾಗಿ ಮಾಡಿಕೊಳ್ಳಬೇಕು, ಇಲ್ಲವೇ ಹೊಸದೊಂದು ವಾದ್ಯವೆಂದು ಒಪ್ಪಿಕೊಂಡು ಅದರ ನಾದವನ್ನು ಹುಡುಕಬೇಕು. ಎರಡರಲ್ಲೂ ಯಾರ ಅನ್ನವೂ ಹೋಗುವುದಿಲ್ಲ.

ಬೀದರ, ಕಲಬುರ್ಗಿಯ ಸೀಮೆಯಲ್ಲಿ ತತ್ವಪದ ಹಾಡುವವರು ಏಕತಾರಿ, ದಮ್ಮಡಿ, ತಾಳ ಇಷ್ಟರಲ್ಲೇ ಇರುಳೆಲ್ಲ ಕಳೆಯುತ್ತಾರೆ. ಒಂದೇ ತಂತಿಯ ಏಕತಾರಿಯನ್ನು ಯಾರೂ ಬಡ ಸಿತಾರ್ ಎನ್ನುವುದಿಲ್ಲ. ಕಡಿಮೆ ಸಾಧನದಿಂದ ಹೆಚ್ಚು ನಾದ ತೆಗೆಯುವುದು ಈ ನೆಲಕ್ಕೆ ಹೊಸತೇನೂ ಅಲ್ಲ. ನಾಲ್ಕು ದನಿಯ ತಾಳಪೆಟ್ಟಿಗೆಯನ್ನೂ ಅದೇ ಕಿವಿಯಿಂದ ಕೇಳಬಹುದು. ಮಾಣಿಕನಗರದ ಭಜನೆಯಲ್ಲಿ ತಬಲಾ ತಬಲಾದವರ ಕೈಯಲ್ಲೇ ಇರಲಿ. ಅಲ್ಲಿ ಮುಖ ನೋಡಿ ನುಡಿಸುವವರು ಬೇಕು. ಆ ಭಜನೆ ಕೇಳಿ ಮನೆಗೆ ಬಂದ ಹುಡುಗನೋ ಹುಡುಗಿಯೋ ಅಟ್ಟದ ಪೆಟ್ಟಿಗೆ ಇಳಿಸಿ, ಸೆಲ್ಲು ಬದಲಿಸಿ, ಖಾಲಿ ಎಲ್ಲಿ ಬಿಡಬೇಕೆಂದು ಒಂದೊಂದೇ ಗುಂಡಿ ಒತ್ತಿ ಹುಡುಕುತ್ತ ಕೂತರೆ, ಮುಂದೊಂದು ದಿನ ತಬಲಾದ ಎದುರು ಕೂರಲು ಅದೂ ಒಂದು ತಾಲೀಮೇ.